ಕಥೆ ಎಲ್ಲಿಂದ ಬರುತ್ತೆ, ಬರೆಯುವ ಮನಸ್ಸು ಎಲ್ಲಿಂದ ಬರುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಥೆ ಬರೆಯುವವರು ಎದುರು ಸಿಕ್ಕರೆ ಓದುಗರು ಕೇಳುವುದು ‘ನಿಮಗೆ ಐಡಿಯಾ ಎಲ್ಲಿಂದ ಬರುತ್ತೆ?’ ಅಂತ. ಹೊಸದಾಗಿ ಬರೆಯುತ್ತಿರುವವರ ಗೋಳು ಬೇರೆ. ‘ಐಡಿಯಾ ಬೇಕಾದಷ್ಟಿದೆ, ಕೂತು ಬರೆಯೋಕೇ ಆಗ್ತಿಲ್ಲ’ ಅನ್ನುತ್ತಾರೆ. ಇಬ್ಬರ ಪ್ರಶ್ನೆಗಳೂ ಇಲ್ಲಿವೆ. ಮೇಲಿಂದ ಕೆಳಗೆ ಓದಲೇಬೇಕು ಅಂತೇನಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

ಕಥೆಗಾರರಿಗೆ ಐಡಿಯಾ ನಿಜವಾಗಿ ಎಲ್ಲಿಂದ ಬರುತ್ತದೆ?

ಕಿವಿಗೆ ಬಿದ್ದ ಮಾತು, ಪೇಪರಿನಲ್ಲಿ ಓದಿದ ಸುದ್ದಿ, ಎಂದೋ ಆದ ಅವಮಾನ, ಬೇರೆಯವರ ಪುಸ್ತಕ. ಎಲ್ಲರಿಗೂ ಸಿಗುವ ಸಾಮಾನೇ. ಆದರೆ ಒಂದು ಸಂಗತಿಯಿಂದ ಒಂದು ಕಥೆ ಹುಟ್ಟುವುದು ಅಪರೂಪ. ಎರಡು ಮೂರು ಸಂಗತಿ ತಲೆಯೊಳಗೆ ಒಂದಕ್ಕೊಂದು ತಗುಲಬೇಕು.

ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನಾ’ವನ್ನೇ ನೋಡಿ. ದಾರಿ ತಪ್ಪಿದವಳೆಂದು ಸಮಾಜ ದೂರವಿಟ್ಟ ಒಬ್ಬ ದೊಡ್ಡ ಮನೆತನದ ಹೆಂಗಸಿನ ಬಗ್ಗೆ ಬರೆಯಬೇಕು ಅಂತ ಅವರು 1870ರಲ್ಲೇ ಹೆಂಡತಿಯ ಹತ್ತಿರ ಹೇಳಿದ್ದರು. ಬರೆಯಲಿಲ್ಲ. 1872ರ ಶುರುವಿನಲ್ಲಿ ಅವರ ಎಸ್ಟೇಟಿನ ಹತ್ತಿರದ ರೈಲು ನಿಲ್ದಾಣದಲ್ಲಿ ಅನ್ನಾ ಪಿರೋಗೋವಾ ಎಂಬಾಕೆ ರೈಲಿನ ಕೆಳಗೆ ಬಿದ್ದು ಸತ್ತಳು. ಟಾಲ್‌ಸ್ಟಾಯ್ ಹೋಗಿ ಶವ ನೋಡಿ ಬಂದರು. ಆಗಲೂ ಬರೆಯಲಿಲ್ಲ. 1873ರಲ್ಲಿ ಪುಷ್ಕಿನ್ ಅರ್ಧಕ್ಕೆ ಬಿಟ್ಟಿದ್ದ ಒಂದು ಬರಹ ಓದಿದರು. ಪೀಠಿಕೆ ಗೀಠಿಕೆ ಇಲ್ಲದೆ, ಅತಿಥಿಗಳು ಬಂದು ಸೇರುತ್ತಿರುವಲ್ಲಿಂದಲೇ ಅದು ಶುರುವಾಗುತ್ತದೆ. ಓದಿದ್ದೇ ತಡ, ಬರೆಯಲು ಕೂತರು. ಒಂದು ವಿಷಯ, ಒಂದು ಸಾವು, ಶುರು ಮಾಡುವ ಒಂದು ರೀತಿ. ಮೂರೂ ಸೇರಲು ಮೂರು ವರ್ಷ ಬೇಕಾಯಿತು.

ಹಾಗಾಗಿ ‘ಒಳ್ಳೆ ಐಡಿಯಾ ಇದೆ, ಯಾಕೋ ಮುಂದಕ್ಕೆ ಹೋಗ್ತಿಲ್ಲ’ ಅಂತ ಯಾರಾದರೂ ಅಂದರೆ, ಅದಕ್ಕಿನ್ನೂ ಜೊತೆ ಸಿಕ್ಕಿಲ್ಲ ಅಂತ ನಾನು ಅಂದುಕೊಳ್ಳುತ್ತೇನೆ.

ಒಂದು ಸಣ್ಣ ಸಂಗತಿ ಕಥೆ ಆಗುವುದು ಹೇಗೆ? ಒಂದು ಉದಾಹರಣೆ ಕೊಡಿ.

ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಪಕ್ಕ ಒಬ್ಬ ಕೂತಿದ್ದಾನೆ ಅಂದುಕೊಳ್ಳಿ. ಫೋನ್ ಬರುತ್ತದೆ. ‘ಇಲ್ಲ, ಬರೋಕಾಗ್ಲಿಲ್ಲ, ನಾನಿನ್ನೂ ಹೊರಟೇ ಇಲ್ಲ’ ಅನ್ನುತ್ತಾನೆ. ಕಾಲ ಹತ್ತಿರ ಪ್ರಯಾಣದ ಬ್ಯಾಗು ಇದೆ. ಬಸ್ಸಿಳಿದು ಬಂದವನು ಅಂತ ನೋಡಿದರೇ ಗೊತ್ತಾಗುತ್ತದೆ.

ಸುಳ್ಳು ಹೇಳಿದ, ಸರಿ. ಯಾರಿಗೆ? ತಲೆಗೆ ಮೊದಲು ಹೊಳೆಯುವುದು ಹೆಂಡತಿ. ಆಮೇಲೆ ಸಾಲ ಕೊಟ್ಟವನು. ಆಮೇಲೆ ಆಫೀಸಿನ ಬಾಸು. ಈ ಮೂರನ್ನೂ ಬಿಟ್ಟುಬಿಡಿ. ನಿಮಗೆ ಥಟ್ಟನೆ ಹೊಳೆದದ್ದು ಓದುವವರಿಗೂ ಹೊಳೆಯುತ್ತದೆ. ನಾಲ್ಕನೆಯದಕ್ಕೆ ಸ್ವಲ್ಪ ಒದ್ದಾಡಬೇಕು. ಆ ಕಡೆ ಇರುವುದು ಅವನ ತಾಯಿ ಅಂತಿಟ್ಟುಕೊಳ್ಳೋಣ. ಇದು ಅವಳದೇ ಊರು. ಮನೆ ಇಲ್ಲಿಂದ ಕಾಲು ಗಂಟೆ ದಾರಿ. ಇಷ್ಟು ದೂರ ಬಂದವನು ಯಾಕೆ ಹೋಗುತ್ತಿಲ್ಲ?

ಕಥೆ ಇರುವುದು ಈ ಪ್ರಶ್ನೆಯಲ್ಲಿ. ಮನೆ ಮಾರುವ ಕಾಗದಕ್ಕೆ ಅವಳ ಸಹಿ ಹಾಕಿಸಲು ಬಂದಿದ್ದಾನೆ ಅನ್ನಿ. ಅಣ್ಣತಮ್ಮಂದಿರೆಲ್ಲ ಸೇರಿ ಇವನನ್ನೇ ಕಳಿಸಿದ್ದಾರೆ, ಯಾಕೆಂದರೆ ಇವನ ಮಾತನ್ನು ಅವಳು ತೆಗೆದುಹಾಕುವುದಿಲ್ಲ. ಈಗ ಬ್ಯಾಗಿನೊಳಗೆ ಏನಿದೆ ಅಂತ ನಮಗೆ ಗೊತ್ತು. ಅವನು ಎದ್ದು ಹೋಗುತ್ತಾನಾ, ಬಂದ ಬಸ್ಸಿಗೇ ವಾಪಸ್ ಹತ್ತುತ್ತಾನಾ, ನಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಅಷ್ಟರಲ್ಲಿ ತಾಯಿಯ ಫೋನು ಮತ್ತೆ ಬಂತು ಅಂದರೆ? ‘ಬಸ್‌ಸ್ಟ್ಯಾಂಡಲ್ಲಿ ನಿನ್ನ ನೋಡಿದ್ವಿ ಅಂತ ಪಕ್ಕದ ಮನೆಯವರು ಹೇಳ್ತಿದ್ದಾರಲ್ಲೋ’ ಅಂದರೆ?

ನಿಜವಾಗಿ ಕಂಡದ್ದು ಒಂದು ಬ್ಯಾಗು, ಕೇಳಿದ್ದು ಒಂದು ಮಾತು. ಮಿಕ್ಕಿದ್ದೆಲ್ಲ ಪ್ರಶ್ನೆ ಕೇಳುತ್ತಾ ಹೋಗಿದ್ದರಿಂದ ಬಂದದ್ದು.

ಒಂದು ವಿಷಯ ಸಿಕ್ಕಿತು. ಅದರ ಬಗ್ಗೆ ಪೂರ್ತಿ ತಿಳಿದುಕೊಂಡೇ ಬರೆಯಬೇಕಾ?

ಬೇಡ. ಪೂರ್ತಿ ಗೊತ್ತಿರುವ ವಿಷಯ ವರದಿ ಆಗುತ್ತದೆ. ಕಥೆಗೆ ಬೇಕಾದ್ದು ಅರ್ಧ ಗೊತ್ತಿದ್ದು, ಉಳಿದ ಅರ್ಧ ತಲೆ ತಿನ್ನುವ ವಿಷಯ.

ಹೆನ್ರಿ ಜೇಮ್ಸ್ ತನ್ನ ಒಂದು ಕಾದಂಬರಿಯ ಮುನ್ನುಡಿಯಲ್ಲಿ ಇದನ್ನು ಬಿಡಿಸಿ ಹೇಳಿದ್ದಾನೆ. ಒಂದು ಊಟದ ಮೇಜಿನಲ್ಲಿ ಪಕ್ಕದಲ್ಲಿದ್ದ ಹೆಂಗಸು ತನಗೆ ಗೊತ್ತಿದ್ದ ತಾಯಿ ಮಗನ ಆಸ್ತಿ ಜಗಳವನ್ನು ಮಾತಿನ ಮಧ್ಯೆ ಹೇಳಿದಳಂತೆ. ಹತ್ತು ಪದ ಕಿವಿಗೆ ಬೀಳುತ್ತಲೇ ಇವನಿಗೆ ಕಥೆ ಕಂಡಿತು. ಆಕೆ ಮಾತ್ರ ಮುಂದೆ ಏನಾಯಿತು ಅಂತ ಉತ್ಸಾಹದಿಂದ ಹೇಳುತ್ತಲೇ ಹೋದಳು, ಇವನಿಗೋ ಅದು ಕೆಲಸ ಕೆಡಿಸುವ ಮಾತು! ನಡೆದದ್ದು ನಡೆದ ಹಾಗೇ ಇದ್ದರೆ ಕಥೆಗೆ ಜಾಗ ಉಳಿಯುವುದಿಲ್ಲ.

ಅಮೆರಿಕದ ಕಾದಂಬರಿಕಾರ್ತಿ ಟೋನಿ ಮಾರಿಸನ್ ಮಾಡಿದ್ದೂ ಇದನ್ನೇ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿದ ಮಾರ್ಗರೆಟ್ ಗಾರ್ನರ್ 1856ರಲ್ಲಿ ಸಿಕ್ಕಿಬಿದ್ದಾಗ, ಮಗು ಮತ್ತೆ ಗುಲಾಮಳಾಗಬಾರದು ಅಂತ ಅದನ್ನು ಕೊಂದಳು. ಆ ಕಾಲದ ಪತ್ರಿಕೆಯ ಒಂದು ತುಣುಕು ಮಾರಿಸನ್ ಕಣ್ಣಿಗೆ ಬಿತ್ತು. 1987ರ ‘ಬಿಲವೆಡ್’ ಬಂದದ್ದು ಅದರಿಂದ. ಆ ಕಾಲದ ಬದುಕಿನ ಬಗ್ಗೆ ಸಾಕಷ್ಟು ಓದಿದರೂ, ಗಾರ್ನರ್ ಬದುಕಿನ ಬಗ್ಗೆ ಮಾತ್ರ ಹೆಚ್ಚು ಕೆದಕಲು ಅವರು ಹೋಗಲಿಲ್ಲ. ಬೇಕು ಅಂತಲೇ.

ನಮ್ಮ ಅನಂತಮೂರ್ತಿಯವರದು ಇನ್ನೂ ಚಂದದ ಸಂಗತಿ. ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದರು. ಸ್ವೀಡಿಷ್ ಮಾತು, ಕೆಳಗೆ ಸಬ್‌ಟೈಟಲ್ ಇಲ್ಲ. ಅರ್ಧಂಬರ್ಧ ಅರ್ಥವಾದ ಆ ಸಿನಿಮಾವೇ ‘ಸಂಸ್ಕಾರ’ ಬರೆಯಲು ಕಿಡಿ ಹೊತ್ತಿಸಿತು. ಕಾದಂಬರಿ 1965ರಲ್ಲಿ ಬಂತು. ಎಲ್ಲ ಮಾತೂ ಅರ್ಥವಾಗಿದ್ದರೆ ಒಳ್ಳೆ ಸಿನಿಮಾ ನೋಡಿದೆ ಅಂತ ಸುಮ್ನೆ ಮನೆಗೆ ಹೋಗುತ್ತಿದ್ದರೋ ಏನೋ.

ನನ್ನ ಬದುಕಿನಲ್ಲಿ ದೊಡ್ಡದೇನೂ ನಡೆದೇ ಇಲ್ಲ. ನಾನು ಏನು ಬರೆಯಲಿ?

ಜಗತ್ತೇ ಓದುವ ಕಥೆಗಾರ ಕಾಫ್ಕಾ ಪ್ರಾಗ್‌ನ ಕಾರ್ಮಿಕರ ವಿಮಾ ಕಚೇರಿಯಲ್ಲಿ ಫೈಲು ನೋಡುತ್ತಿದ್ದ. ಅಷ್ಟು ಸಾಕು. ಜೊತೆಗೆ, ನಿಮಗೆ ನಾಚಿಕೆ ತರುವ ಯಾವುದೋ ಒಂದು ಸಣ್ಣ ವಿಷಯ ಇದ್ದೇ ಇರುತ್ತದೆ, ಅಲ್ವಾ? ಯಾರಿಗೂ ಹೇಳಿರಲ್ಲ. ಅದನ್ನು ನಿಮಗಿಂತ ಪೂರಾ ಬೇರೆ ಥರದ ಒಬ್ಬ ಪಾತ್ರಕ್ಕೆ ಕೊಟ್ಟು ನೋಡಿ.

ಕನಸಿನಲ್ಲಿ ಕಥೆ ಬರುತ್ತಂತೆ, ನಿಜವಾ?

ಬಂದದ್ದುಂಟು. ಆದರೆ ಆ ಕಥೆಗಳನ್ನು ಹೇಳುವವರು ಕನಸಿನ ಹಿಂದಿನ ದಿನಗಳನ್ನು ಹೇಳುವುದಿಲ್ಲ.

ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಎಲ್ಲರ ಬಾಯಲ್ಲಿರುವ ಉದಾಹರಣೆ. 1816ರ ಬೇಸಿಗೆ, ಜಿನೀವಾ ಸರೋವರದ ದಂಡೆ. ಹಿಂದಿನ ವರ್ಷ ತಂಬೋರಾ ಜ್ವಾಲಾಮುಖಿ ಸಿಡಿದದ್ದರಿಂದ ಯೂರೋಪಿನಲ್ಲಿ ಆ ಸಲ ಬೇಸಿಗೆಯೇ ಇರಲಿಲ್ಲ, ಬರೀ ಮಳೆ. ಮನೆಯೊಳಗೆ ಕೂತು ಬೇಸತ್ತ ಗೆಳೆಯರಿಗೆ ‘ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ’ ಅಂದವನು ಕವಿ ಬೈರನ್. ಮೇರಿಗೆ ಆಗ ಹದಿನೆಂಟು. ಬೆಳಗಾದರೆ ‘ಕಥೆ ಹೊಳೀತಾ?’ ಅಂತ ಕೇಳುವರು, ಇವಳು ಇಲ್ಲ ಅನ್ನುವಳು. ದಿನಾ ಇದೇ. ನಡುವೆ ಒಂದು ರಾತ್ರಿ ಬೈರನ್ ಮತ್ತು ಮೇರಿಯ ಸಂಗಾತಿ ಪರ್ಸಿ ಶೆಲ್ಲಿ, ಸತ್ತ ದೇಹಕ್ಕೆ ವಿದ್ಯುತ್ತಿನಿಂದ ಜೀವ ಬರಬಹುದಾ ಅಂತ ಮಾತಾಡಿದ್ದನ್ನು ಕೂತು ಕೇಳಿಸಿಕೊಂಡಳು. ಮಲಗಿದರೆ ನಿದ್ದೆ ಬರಲಿಲ್ಲ. ಅರೆ ಎಚ್ಚರದಲ್ಲಿ, ಸತ್ತ ದೇಹಕ್ಕೆ ಜೀವ ಬರುವ ದೃಶ್ಯ ಕಂಡಿತು. ಮಾರನೆಯ ದಿನವೇ ಬರೆಯಲು ಶುರು. ಪುಸ್ತಕ ಬಂದದ್ದು 1818ರಲ್ಲಿ.

ದಿನಾ ಬೆಳಿಗ್ಗೆ ಇಲ್ಲ ಇಲ್ಲ ಅನ್ನುತ್ತಿದ್ದಳಲ್ಲ, ಆ ಚಡಪಡಿಕೆ ಇಲ್ಲದೆ ಹೋಗಿದ್ದರೆ ಅದು ಬರೀ ಒಂದು ಕೆಟ್ಟ ಕನಸಾಗಿ ಕಳೆದುಹೋಗುತ್ತಿತ್ತು.

ಸ್ಫೂರ್ತಿ ಬರುವ ತನಕ ಕಾಯಬೇಕಾ?

ಬೇಡ. ಈ ಇಡೀ ಪುಟದಲ್ಲಿ ನನಗೆ ತೀರಾ ಖಾತ್ರಿ ಇರುವ ಉತ್ತರ ಇದು. ಸ್ಫೂರ್ತಿ ಬಂದ ಮೇಲೆ ಬರೆಯುವುದಲ್ಲ, ಬರೆಯಲು ಕೂತ ಮೇಲೆ ಅದು ಬರುತ್ತದೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ರಾಬರ್ಟ್ ಬಾಯ್ಸ್ ಎಂಬ ಮನೋವಿಜ್ಞಾನಿ 1983ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ. ಕೂತು ಬರೆಯಲಾಗದೆ ಒದ್ದಾಡುತ್ತಿದ್ದ ಕಾಲೇಜು ಅಧ್ಯಾಪಕರನ್ನು ಮೂರು ಗುಂಪು ಮಾಡಿದ. ಒಂದು ಗುಂಪು ತೀರಾ ತುರ್ತು ಇದ್ದರೆ ಬಿಟ್ಟು ಏನೂ ಬರೆಯಬಾರದು. ಇನ್ನೊಂದು, ಮನಸ್ಸು ಬಂದಾಗ ಬರೆಯಬಹುದು. ಮೂರನೆಯದಕ್ಕೆ ಮನಸ್ಸಿರಲಿ ಬಿಡಲಿ ನಿಗದಿಯಷ್ಟು ಬರೆಯಲೇಬೇಕು ಎಂಬ ಕಟ್ಟುಪಾಡು. ಪುಟ ಜಾಸ್ತಿ ಬರೆದವರು ಮೂರನೆಯ ಗುಂಪಿನವರು, ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಆಶ್ಚರ್ಯ ಅಂದರೆ ಹೊಸ ಐಡಿಯಾಗಳೂ ಅವರಿಗೇ ಜಾಸ್ತಿ ಹೊಳೆದವು. ಮನಸ್ಸು ಬರಲಿ ಅಂತ ಕಾದವರಿಗೆ ಕಮ್ಮಿ. ಐಡಿಯಾ ಕೂಡಿಡಲೆಂದು ಬರೆಯದೇ ಇದ್ದವರಿಗೆ ಇನ್ನೂ ಕಮ್ಮಿ.

ಅವರು ಬರೆಯುತ್ತಿದ್ದದ್ದು ಕಥೆಯಲ್ಲ, ಪಾಠ ಸಂಶೋಧನೆಯ ಬರಹ. ಅದು ಬೇರೆ, ಇದು ಬೇರೆ ಅಂತ ನೀವು ವಾದಿಸಬಹುದು. ಆದರೆ ಬಸ್‌ಸ್ಟ್ಯಾಂಡಿನವನ ನಾಲ್ಕನೆಯ ಉತ್ತರವೂ ಪೆನ್ನು ಹಿಡಿದು ಕೂತವರಿಗೇ ಸಿಗುವುದು.

ನೋಟ್‌ಬುಕ್ ಇಟ್ಟುಕೊಳ್ಳಬೇಕಾ? ಏನು ಬರೆದಿಡಬೇಕು?

ಇಟ್ಟುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಬರೆದುಕೊಳ್ಳಿ. ಅಗಾಥಾ ಕ್ರಿಸ್ಟಿಯ 73 ನೋಟ್‌ಬುಕ್ ಉಳಿದಿವೆ. ಕೊಲೆಯ ಉಪಾಯಗಳ ನಡುವೆ ಮನೆಸಾಮಾನಿನ ಪಟ್ಟಿಯೂ ಇದೆ. ನೀಟಾಗಿ ಇರಬೇಕು ಅಂತೇನಿಲ್ಲ.

ಏನು ಬರೆದಿಡುತ್ತೀರಿ ಅನ್ನುವುದು ಮುಖ್ಯ. ‘ಒಂಟಿತನದ ಬಗ್ಗೆ ಒಂದು ಕಥೆ ಬರೆಯಬೇಕು’ ಅಂತ ಬರೆದಿಟ್ಟರೆ ಆರು ತಿಂಗಳ ನಂತರ ಅದರಿಂದ ಏನೂ ಹುಟ್ಟುವುದಿಲ್ಲ. ‘ಬಾಡಿಗೆ ಮನೆ ಖಾಲಿ ಮಾಡುವ ದಿನ, ಗೋಡೆ ಮೇಲೆ ಮಗುವಿನ ಎತ್ತರ ಗುರುತು ಹಾಕಿದ ಗೆರೆಗಳನ್ನು ಅಳಿಸಿಕೊಡಿ ಅಂತ ಓನರ್ ಹೇಳಿದರು’ ಅಂತ ಬರೆದಿಟ್ಟರೆ ಹುಟ್ಟುತ್ತದೆ. ಯಾರು ಅಳಿಸುತ್ತಾರೆ, ಅಪ್ಪನಾ, ಅಮ್ಮನಾ? ಗೆರೆ ಯಾವ ವಯಸ್ಸಿಗೆ ನಿಂತಿದೆ? ನೋಡಿ, ಆಗಲೇ ಕೆಲಸ ಶುರುವಾಯಿತು. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಬರೆದಿಡಿ. ಅದರ ಅರ್ಥವನ್ನು ಬರೆಯಬೇಡಿ.

ದಿನಕ್ಕೆ ಎಷ್ಟು ಬರೆಯಬೇಕು?

ಲೆಕ್ಕ ಒಬ್ಬೊಬ್ಬರದು ಒಂದೊಂದು. ಆಂಥೊನಿ ಟ್ರೊಲಪ್ ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಬೆಳಗಿನ ಜಾವ ಐದೂವರೆಗೆ ಕೂರುತ್ತಿದ್ದ. ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ. ಹೀಗೆ 47 ಕಾದಂಬರಿ ಬರೆದ. ಫ್ಲೊಬೇರ್ ‘ಮದಾಂ ಬೊವಾರಿ’ಯೊಂದಕ್ಕೇ ಐದು ವರ್ಷ ಕೂತ. ಇಬ್ಬರನ್ನೂ ಜನ ಇವತ್ತಿಗೂ ಓದುತ್ತಾರೆ. ಸಾಮ್ಯ ಒಂದೇ: ಇಬ್ಬರೂ ತಪ್ಪದೆ ಕೂರುತ್ತಿದ್ದರು.

ಶುರುವಿನಲ್ಲಿ ದೊಡ್ಡ ಗುರಿ ಇಟ್ಟುಕೊಳ್ಳಬೇಡಿ. ಎರಡು ಸಾವಿರ ಪದ ಅಂತ ಶಪಥ ಮಾಡಿದವರು ನಾಲ್ಕನೇ ದಿನಕ್ಕೆ ಕೈಬಿಟ್ಟಿರುತ್ತಾರೆ. ಸುಸ್ತಾದ ದಿನವೂ ಆಗುವಷ್ಟು ಸಣ್ಣದಿರಲಿ. ಹೆಮಿಂಗ್ವೇ ಹೇಳಿದ ಒಂದು ಉಪಾಯ ತುಂಬಾ ಕೆಲಸಕ್ಕೆ ಬರುತ್ತದೆ. ಮುಂದೆ ಏನಾಗುತ್ತದೆ ಅಂತ ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸಬೇಕು. ಎಲ್ಲ ಖಾಲಿ ಮಾಡಿ ಎದ್ದರೆ ನಾಳೆ ಮತ್ತೆ ಮೊದಲಿಂದ ಹುಡುಕಬೇಕು. ನಾನಂತೂ ಕೆಲವೊಮ್ಮೆ ವಾಕ್ಯದ ನಡುವೆಯೇ ಎದ್ದುಬಿಡುತ್ತೇನೆ. ಮಾರನೆಯ ದಿನ ಆ ವಾಕ್ಯ ಮುಗಿಸುವ ನೆಪದಲ್ಲಿ ಕೈ ಓಡತೊಡಗುತ್ತದೆ.

ಕೆಲಸ, ಮನೆ, ಮಕ್ಕಳು. ಸಮಯ ಎಲ್ಲಿದೆ?

ನಿಜ, ಇಲ್ಲ. ಟೋನಿ ಮಾರಿಸನ್‌ಗೂ ಇರಲಿಲ್ಲ. ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಸಾಕುತ್ತಾ, ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯ ಕೆಲಸ ಮಾಡುತ್ತಾ, ಬೆಳಕು ಹರಿಯುವ ಮೊದಲೇ ಎದ್ದು ಬರೆಯುತ್ತಿದ್ದರು. ಮಕ್ಕಳು ಏಳುವ ಮುಂಚಿನ ಹೊತ್ತು ಅದೊಂದೇ ಆಗಿತ್ತು. ಎಲ್ಲರಿಗೂ ಬೆಳಗಿನ ಜಾವವೇ ಆಗಬೇಕು ಅಂತ ನಾನು ಹೇಳುವುದಿಲ್ಲ. ಕಾಫ್ಕಾ ‘ತೀರ್ಪು’ ಕಥೆಯನ್ನು 1912ರ ಸೆಪ್ಟೆಂಬರ್ 22ರ ರಾತ್ರಿ ಹತ್ತಕ್ಕೆ ಶುರು ಮಾಡಿ ಬೆಳಿಗ್ಗೆ ಆರಕ್ಕೆ ಮುಗಿಸಿದ. ಅಂಥ ರಾತ್ರಿ ದಿನಾ ಬರುವುದಿಲ್ಲ, ಅವನಿಗೂ ಬರಲಿಲ್ಲ.

ಅರ್ಧ ಗಂಟೆ ಸಿಗುವುದು ಎಷ್ಟೊತ್ತಿಗೆ ಅಂತ ನೋಡಿಕೊಳ್ಳಿ. ಆ ಅರ್ಧ ಗಂಟೆ ಫೋನು ಬೇರೆ ಕೋಣೆಯಲ್ಲಿರಲಿ.

ಜೋರಾಗಿ ಶುರು ಮಾಡುತ್ತೇನೆ, ಅರ್ಧಕ್ಕೇ ನಿಂತುಹೋಗುತ್ತದೆ. ಯಾಕೆ?

ಹೆಚ್ಚಿನ ಸಲ ಉತ್ಸಾಹದ ಕೊರತೆ ಅಲ್ಲ, ಕಥೆಯಲ್ಲೇ ಏನೋ ತಪ್ಪಿರುತ್ತದೆ. ಪಾತ್ರಕ್ಕೆ ಏನು ಬೇಕು ಅಂತ ನಿಮಗೇ ಸರಿಯಾಗಿ ಗೊತ್ತಿಲ್ಲ. ಇಲ್ಲವೇ ಅದಕ್ಕೆ ಬೇಕಾದ್ದು ಸುಲಭವಾಗಿ ಸಿಕ್ಕಿಬಿಟ್ಟಿದೆ. ಇಲ್ಲವೇ ಕಷ್ಟದ ದೃಶ್ಯ ಬರೆಯಲು ಹೆದರಿ ನೀವು ಸುತ್ತುಬಳಸಿ ಹೋಗುತ್ತಿದ್ದೀರಿ. ಮೂರನೆಯದು ನನಗೆ ಕಂಡಂತೆ ಎಲ್ಲಕ್ಕಿಂತ ಜಾಸ್ತಿ. ಹಾಗಿದ್ದರೆ ನಡುವಿನದನ್ನು ಬಿಟ್ಟು ಆ ದೃಶ್ಯವನ್ನೇ ಮೊದಲು ಬರೆದುಬಿಡಿ, ಕೆಟ್ಟದಾಗಿಯಾದರೂ ಸರಿ. ಕಥೆಯನ್ನು ಮೊದಲಿಂದ ಕೊನೆಗೆ ಸಾಲಾಗಿ ಬರೆಯಬೇಕು ಅಂತ ಯಾರು ಹೇಳಿದರು?

ಇನ್ನೊಂದು ಉಪಾಯ: ಎಲ್ಲವೂ ಚೆನ್ನಾಗಿ ನಡೆಯುತ್ತಿದ್ದ ಕೊನೆಯ ಪುಟಕ್ಕೆ ಹಿಂದೆ ಹೋಗಿ. ತಪ್ಪು ತಿರುವು ಅದರ ಆಸುಪಾಸಿನಲ್ಲೇ ಇರುತ್ತದೆ, ನೀವು ನಿಂತ ಜಾಗದಲ್ಲಿ ಅಲ್ಲ.

ರೈಟರ್ಸ್ ಬ್ಲಾಕ್ (ಬರೆಯಬೇಕು ಅಂದರೂ ಬರೆಯಲಾಗದೆ ನಿಂತುಹೋಗುವುದು) ಅನ್ನುವುದು ನಿಜವಾ?

ಈ ಹೆಸರು ಬಳಕೆಗೆ ತಂದವನು ಎಡ್ಮಂಡ್ ಬರ್ಗ್ಲರ್ ಎಂಬ ಮನೋವಿಶ್ಲೇಷಕ, 1947ರಲ್ಲಿ. ಕಷ್ಟ ಅದಕ್ಕಿಂತ ಹಳೆಯದು. ಆದರೆ ಹಲವು ಬೇರೆ ಬೇರೆ ತೊಂದರೆಗಳನ್ನು ಒಂದೇ ಹೆಸರಲ್ಲಿ ಕರೆಯುತ್ತೇವೆ. ನಿದ್ದೆಗೆಟ್ಟ ಆಯಾಸ, ‘ಜನ ಏನಂತಾರೋ’ ಎಂಬ ಭಯ, ಕಥೆಯಲ್ಲಿನ ತಪ್ಪು, ನಿಜವಾದ ಖಿನ್ನತೆ. ಕೊನೆಯದಾಗಿದ್ದರೆ ಬರವಣಿಗೆಯ ಉಪಾಯ ಹುಡುಕುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಸಾಮಾನ್ಯ ಅಡಚಣೆಗೆ ನಡಿಗೆ ಒಳ್ಳೆಯದು. 2014ರಲ್ಲಿ ಸ್ಟ್ಯಾನ್‌ಫರ್ಡಿನ ಇಬ್ಬರು ಸಂಶೋಧಕರು ಇದನ್ನು ಪರೀಕ್ಷಿಸಿದರು. ಕೂತವರಿಗಿಂತ ನಡೆಯುತ್ತಿದ್ದವರಿಗೆ ಹೊಸ ಹೊಸ ಯೋಚನೆ ಹೆಚ್ಚು ಬಂದವು. ಖಾಲಿ ಗೋಡೆಗೆ ಮುಖ ಮಾಡಿ ಟ್ರೆಡ್‌ಮಿಲ್ ಮೇಲೆ ನಡೆದರೂ ಅಷ್ಟೇ. ಮರ ಗಿಡ ನೋಡಬೇಕಂತಿಲ್ಲ, ಕಾಲಾಡಿದರೆ ಸಾಕು. ಆದರೆ ಒಂದೇ ಸರಿ ಉತ್ತರ ಹುಡುಕುವ ಕೆಲಸಕ್ಕೆ ನಡಿಗೆಯಿಂದ ಪ್ರಯೋಜನ ಆಗಲಿಲ್ಲ. ಅಂದರೆ ಪಾತ್ರ ಮುಂದೇನು ಮಾಡಬಹುದು ಅಂತ ಯೋಚಿಸಲು ನಡೆಯಿರಿ, ವಾಕ್ಯ ತಿದ್ದಲು ಕೂತುಕೊಳ್ಳಿ.

ಕುಡಿದರೆ ಚೆನ್ನಾಗಿ ಬರೆಯಬಹುದಂತೆ?

ಇಲ್ಲ. ಚೆನ್ನಾಗಿ ಬರೆದಿದ್ದೀನಿ ಅಂತ ಅನಿಸುತ್ತದೆ, ಬೆಳಿಗ್ಗೆ ತನಕ.

ದುಡ್ಡು, ಹೆಸರಿಗಾಗಿ ಬರೆಯುವುದು ತಪ್ಪಾ?

ತಪ್ಪೇನಲ್ಲ. ಆದರೆ ಬರೆಯುವ ಹೊತ್ತಿನಲ್ಲಿ ಅದು ತಲೆಯಲ್ಲಿದ್ದರೆ ಬರಹಕ್ಕೆ ಪೆಟ್ಟು ಬೀಳುತ್ತದೆ. ತೆರೇಸಾ ಅಮಾಬಿಲೆ ಎಂಬ ಮನೋವಿಜ್ಞಾನಿ 1985ರಲ್ಲಿ 72 ಮಂದಿ ಎಳೆಯ ಬರಹಗಾರರಿಂದ ಕವಿತೆ ಬರೆಸಿದರು. ಬರೆಯುವ ಮುಂಚೆ ಕೆಲವರಿಗೆ ಹೆಸರು, ಹಣ, ಮೆಚ್ಚುಗೆಯಂಥ ಕಾರಣಗಳ ಪಟ್ಟಿ ಕೊಟ್ಟು ಅದರ ಬಗ್ಗೆ ಯೋಚಿಸುವಂತೆ ಮಾಡಿದರು. ಇನ್ನು ಕೆಲವರಿಗೆ ಬರೆಯುವ ಖುಷಿಯ ಕಾರಣಗಳು. ಮೊದಲಿನವರ ಕವಿತೆಗಳಲ್ಲಿ ಹೊಸತನ ಕಮ್ಮಿಯಾಗಿತ್ತು. ಪಟ್ಟಿ ನೋಡಿದ್ದು ಕೆಲವೇ ನಿಮಿಷ!

ಇದಕ್ಕೆ ಎದುರಾಗಿ ದಾಸ್ತೊಯೆವ್‌ಸ್ಕಿ ನಿಲ್ಲುತ್ತಾನೆ. ಸಾಲದ ಹೊರೆಯಲ್ಲಿ ಒಬ್ಬ ಪ್ರಕಾಶಕನಿಗೆ ಒಂದು ಕರಾರು ಬರೆದುಕೊಟ್ಟಿದ್ದ. 1866ರ ನವೆಂಬರ್ 1ರೊಳಗೆ ಕಾದಂಬರಿ ಕೊಡದಿದ್ದರೆ ಮುಂದಿನ ಒಂಬತ್ತು ವರ್ಷ ಅವನ ಬರಹಗಳನ್ನೆಲ್ಲ ಪ್ರಕಾಶಕ ಪುಕ್ಕಟೆ ಅಚ್ಚು ಹಾಕಬಹುದು. ಅಕ್ಟೋಬರ್ ಬಂದರೂ ಒಂದು ಸಾಲು ಬರೆದಿರಲಿಲ್ಲ. ಕೊನೆಗೆ ಶೀಘ್ರಲಿಪಿ ಕಲಿತಿದ್ದ ಅನ್ನಾ ಎಂಬ ಹುಡುಗಿಗೆ ಹೇಳಿ ಬರೆಸಿ, 26 ದಿನದಲ್ಲಿ ‘ದಿ ಗ್ಯಾಂಬ್ಲರ್’ ಮುಗಿಸಿದ. ಮುಂದಿನ ವರ್ಷ ಅವಳನ್ನೇ ಮದುವೆಯಾದ. ಕೂರುವಂತೆ ಮಾಡಿದ್ದು ದುಡ್ಡಿನ ಭಯ. ಆದರೆ ಬರೆದದ್ದು ತನ್ನನ್ನೇ ತಿನ್ನುತ್ತಿದ್ದ ಜೂಜಿನ ಹುಚ್ಚಿನ ಬಗ್ಗೆ.

ಗಡುವು ಒಳ್ಳೆಯದೇ. ಸ್ಪರ್ಧೆಯ ಕೊನೆಯ ದಿನಾಂಕವೂ ಆಗಬಹುದು, ಗೆಳತಿಗೆ ಕೊಟ್ಟ ಮಾತೂ ಆಗಬಹುದು.

ಬೇರೆಯವರ ಐಡಿಯಾ ತೆಗೆದುಕೊಳ್ಳಬಹುದಾ?

ಕಾಪಿರೈಟ್ ಕಾನೂನು ಬರೀ ಐಡಿಯಾವನ್ನು ಕಾಯುವುದಿಲ್ಲ, ಬರೆದ ರೂಪವನ್ನು ಕಾಯುತ್ತದೆ. ಶೇಕ್ಸ್‌ಪಿಯರ್ ಹೆಚ್ಚಿನ ಕಥಾವಸ್ತುಗಳನ್ನು ಬೇರೆಡೆಯಿಂದಲೇ ತಂದ. ವಾಕ್ಯ ಕದಿಯಬೇಡಿ, ದೃಶ್ಯಗಳ ಸರಣಿಯನ್ನು ಹಾಗೇ ಎತ್ತಬೇಡಿ. ಯಾರೋ ತಮ್ಮ ಖಾಸಗಿ ನೋವನ್ನು ನಿಮ್ಮನ್ನು ನಂಬಿ ಹೇಳಿಕೊಂಡಿದ್ದರೆ ಮಾತ್ರ ಅದು ಬೇರೆ ವಿಷಯ. ಕಾನೂನು ಬಿಟ್ಟರೂ ಅವರನ್ನು ಒಂದು ಮಾತು ಕೇಳಬೇಕು. ಊರು, ವಯಸ್ಸು, ಕೆಲಸ ಬದಲಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ, ಅವರು ಓದಿದರೆ ಗುರುತು ಹಿಡಿದೇ ಹಿಡಿಯುತ್ತಾರೆ.

ಎಐ ಚಾಟ್‌ಬಾಟ್ ಹತ್ತಿರ ಐಡಿಯಾ ಕೇಳಿದರೆ?

2024ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಈ ಬಗ್ಗೆ ಒಂದು ಅಧ್ಯಯನ ಬಂತು. ಎಐ ಕೊಟ್ಟ ಐಡಿಯಾ ನೋಡಿ ಬರೆದ ಪುಟ್ಟ ಕಥೆಗಳಿಗೆ ಓದುಗರು ಒಂದೊಂದಾಗಿ ಹೆಚ್ಚು ಅಂಕ ಕೊಟ್ಟರು. ಆದರೆ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಆ ಕಥೆಗಳು ಒಂದನ್ನೊಂದು ಹೆಚ್ಚು ಹೋಲುತ್ತಿದ್ದವು. ಬಸ್‌ಸ್ಟ್ಯಾಂಡಿನ ಆ ಮೊದಲ ಮೂರು ಉತ್ತರ ನೆನಪಿದೆಯಲ್ಲ, ಅದನ್ನು ಬೇಗ ದಾಟಲು ಬೇಕಾದರೆ ಬಳಸಿ. ಯಂತ್ರ ಕೊಟ್ಟದ್ದನ್ನೆಲ್ಲ ಪಟ್ಟಿ ಮಾಡಿ, ಹೊಡೆದುಹಾಕಿ, ಅದರಾಚೆ ಏನಿದೆ ಅಂತ ನೋಡಿ.

ತಲೆಯಲ್ಲಿ ಹತ್ತು ಐಡಿಯಾ ಇವೆ. ಯಾವುದನ್ನು ಮೊದಲು ಬರೆಯಲಿ?

ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಬರೆದು ಹದಿನೈದು ದಿನ ಮುಚ್ಚಿಡಿ. ಆಮೇಲೆ ಆ ಹಾಳೆ ನೋಡದೆ ಮತ್ತೆ ಬರೆಯಲು ಪ್ರಯತ್ನಿಸಿ. ನಾಲ್ಕೈದು ಮರೆತೇ ಹೋಗಿರುತ್ತವೆ, ಹೋಗಲಿ. ನೆನಪಿದ್ದವುಗಳಲ್ಲಿ ಕೊನೆ ಏನು ಅಂತ ನಿಮಗೆ ಈಗಾಗಲೇ ಗೊತ್ತಿರುವುದನ್ನು ಪಕ್ಕಕ್ಕಿಡಿ. ಯಾವುದರ ಕೊನೆ ಗೊತ್ತಿಲ್ಲವೋ, ಆದರೆ ಯಾರು ಮೊದಲು ಬಾಯಿ ತೆರೆಯುತ್ತಾರೆ ಅಂತ ಗೊತ್ತಿದೆಯೋ, ಅದನ್ನು ತೆಗೆದುಕೊಳ್ಳಿ. ಆ ಮೊದಲ ಮಾತನ್ನು ಇವತ್ತೇ ಬರೆದಿಡಿ.